ಮಾಟುಂಗಾದ ಮನೆಗೆ ಸ್ವಿಚ್ ಆಯ್ಕೆ ಮಾಡಿದ ಮೂರು ವಾರ

ಮುಂಬೈಯ ಮಾಟುಂಗಾದ ಆ ಮನೆಯ ವೈರಿಂಗ್ ಕೆಲಸ ಒಪ್ಪಿಕೊಂಡಾಗ, ಬರೀ ಸ್ವಿಚ್ ಆಯ್ಕೆ ಮಾಡೋದಕ್ಕೆ ಮೂರು ವಾರ ಹಿಡಿಯುತ್ತದೆ ಅಂತ ಅಂದುಕೊಂಡಿರಲಿಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲದ ಹಳೇ ಕಟ್ಟಡ. ಒಳಗೆ ಮರದ ಬೋರ್ಡು, ಕರ್ರಗಿನ ಬೇಕಲೈಟ್ ಸ್ವಿಚ್ಚು, ಗೋಡೆಗೆ ಮರದ ಪಟ್ಟಿ ಹೊಡೆದು ಎಳೆದ ವೈರು. ಎಲ್ಲ ಕಿತ್ತು ಹೊಸದು ಮಾಡಬೇಕು. ಉಡುಪಿ ಕಡೆಯ ಮನೆತನ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ತಾಯಿಗೆ 84 ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು.

ಮೊದಲ ದಿನ ನಾವು ಅಳತೆ ತೆಗೆದುಕೊಳ್ಳುವಾಗಲೇ ಸೊಸೆ ಒಂದು ದಪ್ಪ ಕ್ಯಾಟಲಾಗ್ ತಂದು ಊಟದ ಮೇಜಿನ ಮೇಲೆ ಬಿಚ್ಚಿದರು. ಹಿತ್ತಾಳೆ ಪ್ಲೇಟಿನ ಮೇಲೆ ಸಣ್ಣ ಕಡ್ಡಿಯಂಥ ಟಾಗಲ್ ಸ್ವಿಚ್. ಕಪ್ಪು ಗಾಜಿನ ಟಚ್ ಪ್ಯಾನೆಲ್. ಅಂಚಿಗೆ ಗೆರೆ ಕೊರೆದ, ತಿರುಗಿಸಿ ಬೆಳಕು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್. ಒಂದಕ್ಕಿಂತ ಒಂದು ಚಂದ. ಇಂಥದ್ದನ್ನು ಗೋಡೆಗೆ ಕೂರಿಸಬೇಕು ಅಂತ ನನಗೂ ಆಸೆಯಾಯಿತು. ನನಗೆ ಕೆಲಸ ಕಲಿಸಿದ ಕಾಕಾ ಪುಟ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಮಾತು: “ಇದರಾಗ ಹಿಂದಿನ ಫೋಟೋ ಎಲ್ಲೈತ್ರಿ ಅಕ್ಕಾರ?”

ಕಾಕಾ ನಮ್ಮ ವಿಜಯಪುರ ಜಿಲ್ಲೆಯವರೇ. ಮುಂಬೈಗೆ ಬಂದು ಮೂವತ್ತೈದು ವರ್ಷದ ಮೇಲಾಯಿತು. ನಾನು ಊರಲ್ಲಿ ಎರಡು ವರ್ಷ ಐಟಿಐ ಮುಗಿಸಿ ಅವರ ಕೈ ಕೆಳಗೆ ಸೇರಿದವನು. ಈಗ ಹದಿನಾಲ್ಕು ವರ್ಷ. ನಮ್ಮ ಜೊತೆ ನನ್ನ ಅಳಿಯ, ಅಂದರೆ ಅಕ್ಕನ ಮಗ ಇದ್ದಾನೆ, ಇನ್ನೂ ಕಲಿಯುತ್ತಿದ್ದಾನೆ.

ಸ್ವಿಚ್ ಅಂದರೆ ಕೊನೆಗೆ ಹಾಕೋದು, ಪೇಂಟ್ ಆದ ಮೇಲೆ ನೋಡಿದರಾಯಿತು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಗೋಡೆ ಕೊರೆದು ಲೋಹದ ಬಾಕ್ಸ್ ಕೂರಿಸುವಾಗಲೇ ಯಾವ ಸ್ವಿಚ್ ಅಂತ ಗೊತ್ತಿರಬೇಕು. ಬಿಡಿ ಸ್ವಿಚ್ಚುಗಳನ್ನು ಜೋಡಿಸಿ ಕೂರಿಸುವ ನಮ್ಮ ಮಾಡ್ಯುಲರ್ ಪ್ಲೇಟಿನ ಬಾಕ್ಸ್ ಒಂದು ಅಳತೆ. ಇಂಗ್ಲೆಂಡ್ ಮಾದರಿಯ ಚೌಕ ಪ್ಲೇಟ್ 86 ಮಿಲಿಮೀಟರ್, ಅದರ ಎರಡು ಸ್ಕ್ರೂ ನಡುವಿನ ದೂರ 60.3. ಒಂದರ ಬಾಕ್ಸಿಗೆ ಇನ್ನೊಂದು ಕೂರೋದಿಲ್ಲ. ಡಿಮ್ಮರಿನ ಹಿಂಭಾಗ ಸ್ವಿಚ್ಚಿಗಿಂತ ದಪ್ಪ, ಬಾಕ್ಸ್ ಆಳ ಇಲ್ಲದಿದ್ದರೆ ವೈರನ್ನು ಒತ್ತಿ ತುರುಕಬೇಕಾಗುತ್ತದೆ. ಟಚ್ ಪ್ಯಾನೆಲ್ಲಿಗೆ ಬಾಕ್ಸಿನೊಳಗೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್ ಬೇಕು. ಇದೆಲ್ಲ ಪ್ಲಾಸ್ಟರ್ ಆಗೋ ಮೊದಲೇ ಇತ್ಯರ್ಥ ಆಗಬೇಕಾದದ್ದು.

ನನಗೆ ಇನ್ನೊಂದು ಅಂಜಿಕೆಯೂ ಇತ್ತು. ಎರಡು ವರ್ಷದ ಹಿಂದೆ ಗೋರೆಗಾಂವ್‌ನ ಒಂದು ಮನೆಗೆ ಆರು ಡಿಮ್ಮರ್ ಹಾಕಿದ್ದೆ. ಅಂಗಡಿಯವನು ‘ಎಲ್‌ಇಡಿಗೂ ನಡೆಯುತ್ತೆ’ ಅಂದಿದ್ದ. ಅದನ್ನು ನಂಬಿ ಪರೀಕ್ಷೆ ಮಾಡದೆ ಕೂರಿಸಿಬಿಟ್ಟೆ. ನಾಲ್ಕನೇ ದಿನ ರಾತ್ರಿ ಫೋನ್ ಬಂತು. ಲೈಟು ಕಮ್ಮಿ ಮಾಡಿದರೆ ಮಿಣುಕ್ ಮಿಣುಕ್ ಅನ್ನುತ್ತದೆ, ಗೋಡೆಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು, ಮಗು ಮಲಗ್ತಿಲ್ಲ. ಡಿಮ್ಮರ್ ಬದಲಿಸಿದೆ, ಹೋಗಲಿಲ್ಲ. ಬಲ್ಬ್ ಬದಲಿಸಿದೆ, ಅರ್ಧ ಹೋಯಿತು. ಕೊನೆಗೆ ಎಲ್ಲ ಬಿಚ್ಚಿ ಸಾದಾ ಸ್ವಿಚ್ ಹಾಕಿ, ದುಡ್ಡು ವಾಪಸ್ ಕೊಟ್ಟೆ. ದುಡ್ಡಿನ ಚಿಂತೆ ಬೇರೆ. ಆ ತಾಯಿ ಮಗುವನ್ನು ಎತ್ತಿಕೊಂಡು ನಿಂತು ನನ್ನ ಕೆಲಸ ನೋಡುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ.

ಹಾಗಾಗಿ ಈ ಸಲ ಸೊಸೆಗೆ ನೇರವಾಗಿ ಹೇಳಿದೆ. “ಮೇಡಂ, ಒಂದೊಂದು ಪೀಸ್ ತಂದು ನಾವ ಹಚ್ಚಿ ನೋಡತೀವ್ರಿ. ಆಮ್ಯಾಲೆ ಆರ್ಡರ್ ಹಾಕ್ರಿ. ಅಲ್ಲೀತನಕ ಫಾಲ್ಸ್ ಸೀಲಿಂಗ್ ಕೆಲಸ ನಡೀಲಿ.” ಅವರು ಯೋಚಿಸಿ ಒಪ್ಪಿದರು. ಸ್ಯಾಂಪಲ್ ದುಡ್ಡು ತಾವೇ ಕೊಡ್ತೇವೆ ಅಂದರು. ಇದು ದೊಡ್ಡ ಮಾತು, ಎಲ್ಲ ಗಿರಾಕಿಗಳೂ ಹೀಗೆ ಹೇಳೋದಿಲ್ಲ.

ಮರುದಿನ ಬೆಳಗ್ಗೆ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದೆವು. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ ದಾಟಿ ಲೋಹಾರ್ ಚಾಳ್. ಮುಂಬೈಯ ಎಲೆಕ್ಟ್ರಿಷಿಯನ್ನರಿಗೆ ಈ ಗಲ್ಲಿ ತವರುಮನೆ ಇದ್ದ ಹಾಗೆ. ಕೈಗಾಡಿ, ತಲೆ ಮೇಲೆ ವೈರಿನ ಬಂಡಲ್ ಹೊತ್ತ ಹಮಾಲರು, ಭುಜಕ್ಕೆ ಭುಜ ತಾಗುವಷ್ಟು ಜನ. ಹತ್ತು ಹೆಜ್ಜೆಗೊಂದು ಸ್ವಿಚ್ಚಿನಂಗಡಿ. ಕಾಕಾ ಒಳಗೆ ಹೋಗಿ ಪ್ಯಾಕೆಟ್ ಬಿಚ್ಚಿಸಿ, ಮೊದಲು ತಿರುಗಿಸಿ ಬೆನ್ನು ನೋಡುತ್ತಾರೆ. ಜೇಬಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತದ ಚೂರೊಂದು ಸದಾ ಇರುತ್ತದೆ. ಅದನ್ನು ವೈರ್ ಸಿಕ್ಕಿಸುವ ಟರ್ಮಿನಲ್ಲಿಗೆ ತಾಗಿಸುತ್ತಾರೆ. ಸ್ಕ್ರೂ ಅಂಟಿಕೊಂಡರೆ ಪರವಾಗಿಲ್ಲ, ಅದು ಉಕ್ಕಿನದೇ ಇರುತ್ತದೆ. ಆದರೆ ವೈರ್ ಹಿಡಿಯುವ ತುಂಡೇ ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಬಣ್ಣ ಬಳಿದ ಕಬ್ಬಿಣ. ಮುಂಬೈ ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಡೆ ಸಂಪರ್ಕ ಸಡಿಲ, ಸಡಿಲ ಇದ್ದ ಕಡೆ ಶಾಖ. ಸುಟ್ಟು ಕಂದಿದ ಪ್ಲೇಟ್ ಬಿಚ್ಚಿದಾಗ ನಾವು ಹೆಚ್ಚಾಗಿ ಕಂಡದ್ದು ಇದೇ.

ಸ್ವಿಚ್ಚಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 3854 ಅಂತ ಮಾನದಂಡದ ನಂಬರ್ ಇರಬೇಕು, ಸಾಕೆಟ್ಟಿನ ಮೇಲೆ ಐಎಸ್ 1293. ಕಾಕಾ ಕನ್ನಡಕ ಹಣೆಗೇರಿಸಿ, ಪೀಸನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾರೆ. ಹೊರದೇಶದಿಂದ ಬಂದ ಒಂದು ಸುಂದರ ಟಾಗಲ್ಲಿನ ಮೇಲೆ ಯಾವ ಗುರುತೂ ಇರಲಿಲ್ಲ. ಬೆಲೆ ಮಾತ್ರ ನಮ್ಮ ಸಾದಾ ಸ್ವಿಚ್ಚಿನ ಇಪ್ಪತ್ತು ಪಟ್ಟು. ಅದನ್ನು ಅಲ್ಲೇ ಬಿಟ್ಟೆವು.

ಆ ದಿನ ಸಂಜೆಗೆ ಚೀಲದಲ್ಲಿ ಐದು ಬಗೆಯ ಸ್ವಿಚ್, ನಾಲ್ಕು ಡಿಮ್ಮರ್, ಒಂದು ಟಚ್ ಪ್ಯಾನೆಲ್ ಇತ್ತು. ಮಾಟುಂಗಾಕ್ಕೆ ವಾಪಸ್ ಬಂದು ಇಡ್ಲಿ, ಕಾಫಿ ಮುಗಿಸಿ, ಸಯನ್‌ನ ನಮ್ಮ ಸಣ್ಣ ಅಂಗಡಿಗೆ ಹೋದೆವು. ಅಳಿಯ ಪ್ಲೈವುಡ್ ಹಲಗೆಯ ಮೇಲೆ, ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಹಾಕಿ ಎಲ್ಲವನ್ನೂ ಸಾಲಾಗಿ ಜೋಡಿಸಿದ. ಕೆಳಗೆ ಮೂರು ಥರದ ಲೋಡ್: 60 ವಾಟಿನ ಒಂದು ಹಳೇ ತಂತಿ ಬಲ್ಬ್, ಪ್ಯಾಕೆಟ್ ಮೇಲೆ ‘ಡಿಮ್ ಆಗುತ್ತದೆ’ ಅಂತ ಬರೆದ 7 ವಾಟಿನ ಎರಡು ಎಲ್‌ಇಡಿ, ಆಮೇಲೆ ಫಾಲ್ಸ್ ಸೀಲಿಂಗಿನ ಅಂಚಿಗೆ ಹಾಕುವ ಎಲ್‌ಇಡಿ ಪಟ್ಟಿ.

ಮೊದಲು ಸ್ವಿಚ್ಚು. ಒತ್ತಿದಾಗ ಬರುವ ಸದ್ದನ್ನು ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಒಳ್ಳೆಯದಾದರೆ ಒಂದೇ ‘ಟಕ್’. ಬೆರಳು ಅರ್ಧಕ್ಕೆ ನಿಲ್ಲಿಸಿದರೂ ಅದು ಅರ್ಧಕ್ಕೆ ನಿಲ್ಲೋದಿಲ್ಲ, ಈ ಕಡೆ ಇಲ್ಲ ಆ ಕಡೆ ಬೀಳುತ್ತದೆ. ತುಂಬಾ ನಯವಾಗಿ, ಸದ್ದೇ ಇಲ್ಲದೆ ಸರಿಯುವ ಒಂದು ಡಿಸೈನರ್ ಸ್ವಿಚ್ಚನ್ನು ನಿಧಾನಕ್ಕೆ ಒತ್ತಿದೆ. ನಡುವೆ ಒಂದು ಕಡೆ ‘ಚರ್’ ಅಂದಿತು. ದೀಪ ಆರಿಸಿದ ಅಂಗಡಿಯಲ್ಲಿ ಪ್ಲೇಟಿನ ಸಂದಿಯಿಂದ ನೀಲಿ ಕಿಡಿ ಕಂಡಿತು. ಅಳಿಯನನ್ನು ಕರೆದು ಮೂರು ಸಲ ತೋರಿಸಿದೆ. ಎಲ್‌ಇಡಿ ಡ್ರೈವರ್ (ಬಲ್ಬಿಗೆ ಕರೆಂಟ್ ಹೊಂದಿಸಿಕೊಡುವ ಸಣ್ಣ ಸರ್ಕ್ಯೂಟು) ಶುರುವಾಗುವ ಕ್ಷಣದಲ್ಲಿ ತಟ್ಟನೆ ಜಾಸ್ತಿ ಕರೆಂಟ್ ಎಳೆಯುತ್ತದೆ. ವಾಟ್ ಕಮ್ಮಿ ಅಂತ ಸ್ವಿಚ್ಚಿನ ಕಾಂಟ್ಯಾಕ್ಟ್ ಹೇಗಿದ್ದರೂ ನಡೆಯುತ್ತೆ ಅನ್ನುವ ಹಾಗಿಲ್ಲ. ಒಂದೇ ಸ್ವಿಚ್ಚಿಗೆ ಹನ್ನೆರಡು ಸ್ಪಾಟ್ ಲೈಟ್ ಕಟ್ಟುವ ಈ ಕಾಲದಲ್ಲಿ ಆ ಕಿಡಿ ದಿನಕ್ಕೆ ಹತ್ತು ಸಲ ಅದೇ ಜಾಗವನ್ನು ಸುಡುತ್ತದೆ.

ಆಮೇಲೆ ಟರ್ಮಿನಲ್ ತೂತು. ಎರಡು ವೈರ್ ಜೋಡಿಸಿ ಮುಂದಿನ ಸ್ವಿಚ್ಚಿಗೆ ಲೂಪ್ ಕೊಡುವುದು ನಮ್ಮ ರೂಢಿ. 1.5 ಸ್ಕ್ವೇರ್ (ಚದರ ಮಿಲಿಮೀಟರ್) ವೈರ್ ಎರಡು ಸರಾಗ ಹೋಗಬೇಕು, ಸ್ಕ್ರೂ ಬಿಗಿದ ಮೇಲೆ ಎಳೆದರೂ ಬರಬಾರದು. ಒಂದು ಪ್ಲೇಟಿನ ಮುಖ ನೋಡಿ ನಾನೇ ಮರುಳಾಗಿದ್ದೆ, ಇಟ್ಟಿಗೆ ಬಣ್ಣದ ಮ್ಯಾಟ್ ಫಿನಿಶ್. ಎರಡನೇ ವೈರ್ ಒಳಗೆ ಹೋಗಲೇ ಇಲ್ಲ. ಅಳಿಯ ನಾಲ್ಕು ಎಳೆ ಕತ್ತರಿಸಿ ತೂರಿಸೋಕೆ ಹೋದ. ಕಾಕಾ ಅವನ ಕೈಯಿಂದ ಪಕ್ಕಡ್ ತೆಗೆದುಕೊಂಡರು. “ಎಳಿ ಕತ್ತರಿಸಬ್ಯಾಡ ತಮ್ಮಾ. ವೈರು ಯಾಕ ಅಷ್ಟು ದಪ್ಪ ಐತಿ, ಗೊತ್ತೈತಿಲ್ಲ?” ಅವನು ಸುಮ್ಮನೆ ತಲೆಯಾಡಿಸಿ ಹೊಸ ತುದಿ ಸುಲಿದ. ಆ ಪ್ಲೇಟನ್ನು ಪಕ್ಕಕ್ಕಿಟ್ಟೆವು.

ಡಿಮ್ಮರಿಗೆ ಎರಡು ಸಂಜೆ ಬೇಕಾಯಿತು. ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುವ ಅಲೆ. ಡಿಮ್ಮರ್ ಆ ಅಲೆಯ ಒಂದು ತುಂಡನ್ನು ಪ್ರತಿ ಸಲ ಕತ್ತರಿಸಿಹಾಕುತ್ತದೆ, ಉಳಿದದ್ದು ಮಾತ್ರ ಬಲ್ಬಿಗೆ ಹೋಗುತ್ತದೆ. ಹಳೇ ಮಾದರಿಯದು ಅಲೆಯ ತಲೆ ಕತ್ತರಿಸುತ್ತದೆ, ಅದಕ್ಕೆ ಲೀಡಿಂಗ್ ಎಡ್ಜ್ ಅನ್ನುತ್ತಾರೆ. ಅದರಲ್ಲಿ ವೋಲ್ಟೇಜ್ ಒಮ್ಮೆಗೇ ನೆಗೆದು ಬರುತ್ತದೆ. ತಂತಿ ಬಲ್ಬಿಗೆ ಇದರಿಂದ ಏನೂ ಆಗೋದಿಲ್ಲ, ಕಾದ ತಂತಿ ಅಷ್ಟು ಬೇಗ ತಣಿಯೋದಿಲ್ಲವಲ್ಲ. ಎಲ್‌ಇಡಿಯೊಳಗಿನ ಪುಟ್ಟ ಡ್ರೈವರಿಗೆ ಮಾತ್ರ ಪ್ರತಿ ನೆಗೆತವೂ ಒಂದು ಏಟು. ಟ್ರೇಲಿಂಗ್ ಎಡ್ಜ್ ಅನ್ನುವುದು ಅಲೆಯ ಬಾಲ ಕತ್ತರಿಸುತ್ತದೆ, ವೋಲ್ಟೇಜ್ ಮೆಲ್ಲಗೆ ಏರುತ್ತದೆ.

ಹಲಗೆ ಮೇಲೆ ಇದು ಕಣ್ಣಿಗೇ ಕಂಡಿತು. 400 ವಾಟಿನ ಲೀಡಿಂಗ್ ಎಡ್ಜ್ ಡಿಮ್ಮರಿಗೆ ತಂತಿ ಬಲ್ಬ್ ಕಟ್ಟಿದೆ. ಕೆಂಡದಂಥ ಬೆಳಕಿನಿಂದ ಪೂರ್ತಿ ಬೆಳಕಿನವರೆಗೆ ಬೆಣ್ಣೆಯಂತೆ ಏರಿತು. ಅದೇ ಡಿಮ್ಮರಿಗೆ ಎರಡು ಎಲ್‌ಇಡಿ ಕಟ್ಟಿದೆ. ಒಟ್ಟು 14 ವಾಟ್. ಅರ್ಧಕ್ಕೆ ಇಳಿಸಿದರೆ ನಡುಗಿತು, ಇನ್ನೂ ಇಳಿಸಿದರೆ ತಟ್ಟನೆ ಆರಿತು. ಡಿಮ್ಮರಿನ ಬೆನ್ನಿಗೆ ಕನಿಷ್ಠ ಲೋಡ್ 40 ವಾಟ್ ಅಂತ ಸಣ್ಣ ಅಕ್ಷರದಲ್ಲಿತ್ತು. ಗೋರೆಗಾಂವ್‌ನಲ್ಲಿ ಆದದ್ದು ಅದೇ! ಡಿಮ್ಮರ್ ಕೆಟ್ಟಿರಲಿಲ್ಲ, ಬಲ್ಬೂ ಕೆಟ್ಟಿರಲಿಲ್ಲ. ಜೋಡಿ ಸರಿಯಿರಲಿಲ್ಲ.

ಟ್ರೇಲಿಂಗ್ ಎಡ್ಜ್ ಎರಡರಲ್ಲಿ ಒಂದು ತುಂಬಾ ಚೆನ್ನಾಗಿ ನಡೆಯಿತು. ಅದರ ಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ತಿರುಗಿಸಿ, ಬೆಳಕು ಎಷ್ಟರವರೆಗೆ ಇಳಿಯಬಹುದು ಅಂತ ಗಡಿ ಕಟ್ಟಬಹುದು. ನಡುಗುವ ಜಾಗಕ್ಕಿಂತ ಒಂದು ಕೂದಲೆಳೆ ಮೇಲೆ ನಿಲ್ಲಿಸಿದೆ. ರಾತ್ರಿ ಹನ್ನೊಂದಾಗಿತ್ತು. ರಸ್ತೆ ಸದ್ದು ಇಳಿದಿತ್ತು. ಫ್ಯಾನ್ ಬಂದ್ ಮಾಡಿ, ಮೂವರೂ ಸರದಿ ಮೇಲೆ ಪ್ಲೇಟಿಗೆ ಕಿವಿ ಹಚ್ಚಿದೆವು. ಅಳಿಯನ ಕಿವಿ ಚುರುಕು, ಅವನಿಗೂ ಏನೂ ಕೇಳಿಸಲಿಲ್ಲ. ನನ್ನ ಎದೆ ಮೇಲಿದ್ದ ಭಾರ ಆ ಹೊತ್ತು ಇಳಿಯಿತು.

ಎಲ್‌ಇಡಿ ಪಟ್ಟಿ ಬೇರೆಯೇ ಕಥೆ. ಅದಕ್ಕೆ 230 ವೋಲ್ಟನ್ನು 24ಕ್ಕೆ ಇಳಿಸುವ ಡ್ರೈವರ್ ಬೇಕು. ಸಾದಾ ಡ್ರೈವರಿಗೆ ಗೋಡೆಯ ಡಿಮ್ಮರ್ ಹಾಕಿದರೆ ಅದು ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಡಿಮ್ ಆಗುವ ಡ್ರೈವರನ್ನೇ ಬೇರೆ ತರಬೇಕು. ಮತ್ತೊಮ್ಮೆ ಲೋಹಾರ್ ಚಾಳ್‌ಗೆ ಹೋಗಿ ತಂದೆವು. ಫಾಲ್ಸ್ ಸೀಲಿಂಗ್ ಮುಚ್ಚೋ ಮೊದಲೇ ಗೊತ್ತಾದದ್ದು ನಮ್ಮ ಪುಣ್ಯ.

ಟಚ್ ಪ್ಯಾನೆಲ್ಲನ್ನು ಅಂಗಡಿಯಲ್ಲಿ ನೋಡಿದರೆ ಸಾಲದು ಅನ್ನಿಸಿತು. ಹಲಗೆ ಸಮೇತ ಮನೆಗೇ ಒಯ್ದು, ಅಜ್ಜಿಯ ಕೋಣೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಅಜ್ಜಿ ಮಂಚದಿಂದ ಎದ್ದು ನಿಧಾನಕ್ಕೆ ಬಂದರು. ಸ್ವಿಚ್ಚಿಗಾಗಿ ಅವರು ಕಣ್ಣು ಹಾಯಿಸಲಿಲ್ಲ, ಅಂಗೈ ಚಾಚಿದರು. ಅರವತ್ತು ವರ್ಷದಿಂದ ಆ ಮನೆಯಲ್ಲಿ ಕತ್ತಲಲ್ಲಿ ಗೋಡೆ ಸವರಿ ಬೋರ್ಡ್ ಹುಡುಕಿದ ಕೈ ಅದು. ಅಂಗೈ ಗಾಜಿನ ಮೇಲೆ ಜಾರಿತು. ನಾಲ್ಕೂ ದೀಪ ಒಟ್ಟಿಗೆ ಹತ್ತಿದವು. ಅಜ್ಜಿ ಗಾಬರಿಯಾಗಿ ಕೈ ಹಿಂದೆಗೆದರು. ಮತ್ತೆ ಮುಟ್ಟಿದರು, ಎರಡು ಆರಿದವು.

“ಇದ್ಕೆ ಗುಂಡಿ ಎಲ್ಲುಂಟು ಮಗಾ?” ಅಂತ ನನ್ನನ್ನು ಕೇಳಿದರು.

ಪಕ್ಕದಲ್ಲೇ ಜೋಡಿಸಿದ್ದ ಅಗಲ ಗುಂಡಿಯ ಸ್ವಿಚ್ ತೋರಿಸಿದೆ, ಒಳಗೆ ಕೆಂಪು ಇಂಡಿಕೇಟರ್ ಇರುವುದು. ಬೆರಳ ತುದಿಯಿಂದ ಅದರ ಅಂಚು ಹುಡುಕಿ ಒತ್ತಿದರು. ಟಕ್. ಮುಖ ಅರಳಿತು. ಸೊಸೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಟಚ್ ಪ್ಯಾನೆಲ್ ಮನೆಯಿಡೀ ಬೇಕು ಅಂತ ಹಟ ಹಿಡಿದಿದ್ದವರು ಅವರೇ. ಹತ್ತಿರ ಬಂದು ಅಜ್ಜಿಯ ಕೈ ಹಿಡಿದು, “ನಿಮ್ಮ ಕೋಣೆಗೆ ಇದೇ ಇರ್ಲಿ ಅಮ್ಮ” ಅಂದರು.

ಅದಾದ ಮೇಲೆ ಮಾತು ಸಲೀಸಾಯಿತು. ಸಂಜೆ ಯಜಮಾನರೂ ಕೂತರು. ಪಟ್ಟಿ ಮಾಡುತ್ತ ಹೋದೆವು. ಟಚ್ ಪ್ಯಾನೆಲ್ ಸೊಸೆಯ ಕೆಲಸದ ಕೋಣೆಗೆ ಒಂದೇ. ಅಲ್ಲಿ ಬೋರ್ಡಿನಲ್ಲೇ ಸಾಕೆಟ್ ಇರೋದರಿಂದ ನ್ಯೂಟ್ರಲ್ ಹೇಗೂ ಬರುತ್ತದೆ. ಬರೀ ಸ್ವಿಚ್ ಇರುವ ಬಾಕ್ಸಿಗೆ ರೂಢಿಯಲ್ಲಿ ನ್ಯೂಟ್ರಲ್ ಎಳೆಯೋದಿಲ್ಲ. ನ್ಯೂಟ್ರಲ್ ಬೇಡದ ಪ್ಯಾನೆಲ್ಲುಗಳೂ ಸಿಗುತ್ತವೆ, ಆದರೆ ಅವು ಬಲ್ಬಿನ ಮೂಲಕವೇ ಚೂರು ಕರೆಂಟ್ ಎಳೆದುಕೊಂಡು ಬದುಕುತ್ತವೆ. ಸಣ್ಣ ಎಲ್‌ಇಡಿ ಆದರೆ ಆರಿಸಿದ ಮೇಲೂ ಮಂಕಾಗಿ ಉರಿಯುತ್ತಿರಬಹುದು. ನಮ್ಮ ಹಲಗೆ ಮೇಲೆ ಎಂಸಿಬಿ ಇಳಿಸಿ ಏರಿಸಿಯೂ ನೋಡಿದ್ದೆವು. ಕರೆಂಟ್ ಹೋಗಿ ಬಂದಾಗ ನಾವು ತಂದ ಪ್ಯಾನೆಲ್ಲಿನ ದೀಪ ಆರಿಯೇ ಇರುತ್ತದೆ. ಅರ್ಧ ರಾತ್ರಿ ಎಲ್ಲ ಹತ್ತಿಕೊಳ್ಳುವುದಿಲ್ಲ, ಒಳ್ಳೆಯದೇ.

ಫ್ಯಾನ್ ವಿಷಯದಲ್ಲಿ ಕಾಕಾ ಗಟ್ಟಿಯಾಗಿ ನಿಂತರು. ಮನೆಯವರು ರಿಮೋಟ್ ಇರುವ, ಕಮ್ಮಿ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ತರಿಸಿದ್ದರು. ಅದರ ವೇಗ ಹಿಡಿಯೋದು ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ಸ್. ಗೋಡೆಯಲ್ಲಿ ಮತ್ತೆ ರೆಗ್ಯುಲೇಟರ್ ಹಾಕಿದರೆ ಆ ಸರ್ಕ್ಯೂಟ್ ಕೆಡಬಹುದು. ಚಂದ ಕಾಣುತ್ತದೆ ಅಂತ ಲೈಟಿನ ಡಿಮ್ಮರನ್ನು ಫ್ಯಾನಿಗೆ ಹಾಕೋದಂತೂ ಕೂಡದು, ಯಾವ ಫ್ಯಾನಿಗೂ. ಬಿಎಲ್‌ಡಿಸಿಗೆ ಸಾದಾ ಸ್ವಿಚ್ ಸಾಕು.

ಹಿತ್ತಾಳೆ ಟಾಗಲ್ ಸೊಸೆಯ ಮನಸ್ಸಿಗೆ ತುಂಬಾ ಹಿಡಿಸಿತ್ತು, ನನಗೂ. ಎರಡು ಸ್ಯಾಂಪಲ್ಲಿನಲ್ಲಿ ಒಂದರ ಪ್ಲೇಟಿಗೆ ಅರ್ಥಿಂಗ್ ಕಟ್ಟೋಕೆ ಜಾಗವೇ ಇರಲಿಲ್ಲ. ಲೋಹದ ಪ್ಲೇಟು, ಹಿಂದೆ ವೈರ್ ಸಡಿಲಾಗಿ ತಾಗಿದರೆ ಮುಟ್ಟಿದವರ ಗತಿ? ಅದನ್ನು ಬಿಟ್ಟೆವು. ಇನ್ನೊಂದರಲ್ಲಿ ಹಸಿರು ಚುಕ್ಕೆಯ ಸ್ಕ್ರೂ ಇತ್ತು. ಆದರೆ ಈ ಕಟ್ಟಡದ ಹಳೇ ವೈರಿಂಗಿನಲ್ಲಿ ಗೀಸರ್, ಫ್ರಿಜ್ಜಿನ ದೊಡ್ಡ ಪಾಯಿಂಟಿಗೆ ಬಿಟ್ಟರೆ ಬೇರೆಲ್ಲೂ ಅರ್ಥಿಂಗ್ ಇರಲಿಲ್ಲ. ಹೊಸದಾಗಿ ಎಳೆಯುವಾಗ ಪ್ರತಿ ಬಾಕ್ಸಿಗೂ ಹಸಿರು ವೈರ್ ಒಯ್ದೆವು. ಡಿಬಿಯಲ್ಲಿ, ಅಂದರೆ ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಲ್ಲಿ, ಕರೆಂಟ್ ಸೋರಿದರೆ ತಟ್ಟನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದೆವು. ಆಮೇಲೆ ಹಾಲಿನ ಬಾಗಿಲ ಬಳಿ ಒಂದು ಬೋರ್ಡಿಗೆ ಮಾತ್ರ ಹಿತ್ತಾಳೆ. ಅದರ ಮೂರು ಬಿಡಿ ಪೀಸ್ ಈಗಲೇ ಕೊಂಡಿಡಿ ಅಂತ ಹೇಳಿದೆ. ಐದು ವರ್ಷದ ಮೇಲೆ ಅದೇ ಮಾದರಿ ಲೋಹಾರ್ ಚಾಳ್‌ನಲ್ಲಿ ಸಿಗುತ್ತದೆ ಅನ್ನೋ ಭರವಸೆ ನನಗಿಲ್ಲ. ಬೇರೆ ಎಲ್ಲ ಕಡೆ ಬೂದು ಬಣ್ಣದ ಮಾಡ್ಯುಲರ್. ಅಡುಗೆಮನೆಗೆ ಬಿಳಿ. ಎಣ್ಣೆ ಕೈ ತಾಗಿದರೆ ಒರೆಸೋಕೆ ಸುಲಭ.

ಡಿಮ್ಮರ್ ಕೊನೆಗೆ ಮೂರೇ ಆದವು: ಊಟದ ಮೇಜಿನ ಮೇಲಿನ ಸ್ಪಾಟ್ ಲೈಟಿಗೆ, ಹಾಲಿಗೆ, ಸೀಲಿಂಗಿನ ಪಟ್ಟಿಗೆ. ಒತ್ತೊತ್ತಾಗಿ ಒಂದೇ ಬಾಕ್ಸಿನಲ್ಲಿ ಹಾಕಿದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ, ಅವುಗಳ ತಾಕತ್ತು ಇಳಿಯುತ್ತದೆ. ಅದಕ್ಕೆ ನಡುವೆ ಒಂದೊಂದು ಖಾಲಿ ಮಾಡ್ಯೂಲ್ ಬಿಟ್ಟೆವು. ಅಜ್ಜಿಯ ಕೋಣೆಗೂ ಡಿಮ್ಮರ್ ಬೇಕಾ ಅಂತ ಮಗ ಕೇಳಿದರು. ಅಲ್ಲಿಗೆ ಬೇಕಾದದ್ದು ಡಿಮ್ಮರಲ್ಲ, ರಾತ್ರಿ ಬಚ್ಚಲಿಗೆ ಹೋಗುವ ದಾರಿ. ಮಂಚದಿಂದ ಬಚ್ಚಲ ಬಾಗಿಲವರೆಗೆ, ನೆಲದಿಂದ ಒಂದಡಿ ಎತ್ತರಕ್ಕೆ ಎರಡು ಸಣ್ಣ ಫುಟ್ ಲೈಟ್ ಹಾಕಿದೆವು. ಮಂಚದ ಪಕ್ಕ ಒಂದು ಸ್ವಿಚ್, ಬಚ್ಚಲ ಹತ್ತಿರ ಇನ್ನೊಂದು, ಟೂ-ವೇ: ಯಾವುದರಿಂದಲಾದರೂ ಹತ್ತಿಸಬಹುದು, ಆರಿಸಬಹುದು.

ಕೆಲಸ ಮುಗಿದು ಒಂದು ತಿಂಗಳಿಗೆ ಮತ್ತೆ ಹೋದೆ. ಹೊಸ ವೈರಿಂಗಿನಲ್ಲಿ ಒಮ್ಮೆ ಟರ್ಮಿನಲ್ ಬಿಗಿದು ನೋಡೋದು ಕಾಕಾ ಕಲಿಸಿದ ಅಭ್ಯಾಸ. ಎಂಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಪ್ಲೇಟ್ ಒಂದೊಂದಾಗಿ ಬಿಚ್ಚಿದೆ. ಮೂರು ಸ್ಕ್ರೂ ಕಾಲು ಸುತ್ತು ಬಿಗಿಯಾದವು, ಉಳಿದವು ಅಲ್ಲಾಡಲಿಲ್ಲ. ಹಾಲಿನ ಡಿಮ್ಮರನ್ನು ಕೆಳಕ್ಕೆ ಇಳಿಸಿ ಕಿವಿ ಹಚ್ಚಿದೆ. ಸದ್ದಿಲ್ಲ. ಸೊಸೆ ಚಹಾ ತಂದುಕೊಟ್ಟರು. ಒಳಗಿನಿಂದ ‘ಟಕ್’ ಅಂತ ಕೇಳಿಸಿತು, ಹಿಂದೆಯೇ ಅಜ್ಜಿಯ ಚಪ್ಪಲಿ ಸದ್ದು. ಯಾವ ಬೋರ್ಡಿನಲ್ಲಿ ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಬರೆದ ಹಾಳೆಯನ್ನು ಬಿಡಿ ಪೀಸುಗಳ ಜೊತೆ ಡಬ್ಬಿಗೆ ಹಾಕಿ, ಡಿಬಿಯ ಮೇಲಿನ ಅಟ್ಟದಲ್ಲಿ ಇಟ್ಟು ಬಂದೆ.